ಯಾವುದಾದ್ರೂ ಒಂದು ಹಾಕಿ ಸರ್

"ಯಾವುದಾದ್ರೂ ಒಂದು ಹಾಕಿ ಸರ್. ಮೈಸೂರಿನ ಡಾಕ್ಟ್ರಿಗೆ ಗೊತ್ತಾಗುತ್ತೆ."

ಮಂಗಳವಾರ ಮಡಿಕೇರಿಯಲ್ಲಿ ಬಿಡದ ಮಳೆ, ಕರೆಂಟಿಲ್ಲ, ಯುಪಿಎಸ್ ಕುಯ್ಯೋ ಅನ್ನುತ್ತಿತ್ತು. ನಾಪೋಕ್ಲು ಕಡೆಯ ಹುಡುಗ ಆಗ ಆಡಿದ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಅಪ್ಪ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಸ್ಪತ್ರೆ ಸೇರಿದ್ದರು. ಅಲ್ಲಿಯ ಮೂರು ಹಾಳೆಯ ಜರ್ಮನ್ ಡಿಸ್ಚಾರ್ಜ್ ಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಲು ನನ್ನ ಬಳಿ ತಂದಿದ್ದ. ಗುರುವಾರ ಮೈಸೂರಿನಲ್ಲಿ ಹಾರ್ಟ್ ಡಾಕ್ಟರರ ಅಪಾಯಿಂಟ್‌ಮೆಂಟ್.

ಮೊಬೈಲ್ ಆ್ಯಪ್‌ನಲ್ಲಿ ಒಂದು ಅನುವಾದ ಮಾಡಿಕೊಂಡೇ ಬಂದಿದ್ದ. ವಾಕ್ಯಗಳು ಪರವಾಗಿಲ್ಲ. ಆದರೆ ಸಂಕ್ಷೇಪಾಕ್ಷರಗಳನ್ನು ಆ್ಯಪ್ ಮುಟ್ಟಿರಲೇ ಇಲ್ಲ. ಒಂದು ಸಾಲು ಹೀಗಿತ್ತು: ಆರ್‌ಆರ್ 150/90, ಎಚ್‌ಎಫ್ 72, ಎಎಫ್ 16. ಇದನ್ನು ಇಂಗ್ಲಿಷ್ ಕಣ್ಣಲ್ಲಿ ಓದಿದರೆ ಎಚ್‌ಎಫ್ ಅಂದರೆ ಹಾರ್ಟ್ ಫೇಲ್ಯೂರ್ ಇದೆ, ಎಎಫ್ ಅಂದರೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯ ತಾಳ ತಪ್ಪಿ ಬಡಿಯುವ ಕಾಯಿಲೆ) ಇದೆ, ಆರ್‌ಆರ್ ಎಂಬ ಉಸಿರಾಟದ ದರದ ಜಾಗದಲ್ಲಿ ಬಿಪಿ ಕೂತಿದೆ. ಜರ್ಮನ್‌ನಲ್ಲಿ ಆರ್‌ಆರ್ ಎಂದರೆ ರೀವಾ-ರೋಚಿ, 1896ರಲ್ಲಿ ತೋಳಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ಪ್ರಕಟಿಸಿದ ಇಟಲಿಯ ವೈದ್ಯನ ಹೆಸರು. ಎಚ್‌ಎಫ್ ಹೃದಯ ಬಡಿತ, ಎಎಫ್ ಉಸಿರಾಟ. ಬಿಪಿ ಸ್ವಲ್ಪ ಜಾಸ್ತಿ, ಉಳಿದದ್ದು ಸರಿ. ಆ ಸಾಲಿನಲ್ಲಿ ಇದ್ದದ್ದು ಇಷ್ಟೇ. ನಿಜಕ್ಕೂ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಅವರು ವಿಎಚ್‌ಎಫ್ ಎಂದು ಬರೆಯುತ್ತಾರೆ. ಹಾಗೆಯೇ ಬಿಟ್ಟ ಅಕ್ಷರ ತಪ್ಪು ಅನುವಾದಕ್ಕಿಂತ ಕೆಟ್ಟದ್ದು. ಅದು ಇಂಗ್ಲಿಷಿನ ಹಾಗೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೇ ಹಾಳೆಯಲ್ಲಿ 'ವಿ.ಎ. ಎಲ್‌ಎಇ'. ವಿ.ಎ. ಎಂದರೆ ಶಂಕೆ. ಅದನ್ನು ಬಿಟ್ಟರೆ ಅನುಮಾನವೇ ರೋಗವಾಗಿಬಿಡುತ್ತದೆ. ಎಲ್‌ಎಇ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು, ಇಂಗ್ಲಿಷಿನ ಪಿಇ. ನಮ್ಮ ಡಾಕ್ಟರುಗಳು ಇಸಿಜಿ ನೋಡುತ್ತಾ ಎಲ್‌ಎಇ ಅಂದರೆ ಎಡ ಹೃತ್ಕರ್ಣ ದೊಡ್ಡದಾಗಿದೆ ಎಂದರ್ಥ. 'ಓ.ಬಿ.' ಎಂದರೆ ದೋಷ ಕಂಡಿಲ್ಲ. ಇಂಗ್ಲಿಷಿನಲ್ಲಿ ಓಬಿ ಎಂದರೆ ಪ್ರಸೂತಿ, ಹಾಗೇ ಬಿಟ್ಟರೆ ಗಂಡಸಿನ ಹೊಟ್ಟೆಯ ಮುಂದೆ ಪ್ರಸೂತಿ ವಿಭಾಗದ ಹೆಸರು ನಿಲ್ಲುತ್ತದೆ. ಆಸ್ಪಿರಿನ್‌ಗೆ ಅವರು ಬಳಸುವ ಎಎಸ್‌ಎಸ್ ಎಂಬ ಮೂರಕ್ಷರವನ್ನು ಇಂಗ್ಲಿಷಿನಲ್ಲಿ ಹಾಗೇ ಬಿಟ್ಟರೆ ಏನಾಗುತ್ತದೆಂದು ಹುಡುಗನೇ ನೋಡಿ ನಕ್ಕ.

ಅಂಕಿಗಳಲ್ಲೂ ಜಾರುತ್ತದೆ. ಅವರ ದಶಮಾಂಶ ಅಲ್ಪವಿರಾಮ: ಕ್ರಿಯಾಟಿನಿನ್ 1,2 ಎಂದರೆ 1.2. ಪ್ಲೇಟ್‌ಲೆಟ್ ನ್ಯಾನೋಲೀಟರಿಗೆ 210 ಎಂದರೆ ನಮ್ಮ ಲ್ಯಾಬಿನ 2.1 ಲಕ್ಷ. ಮಾತ್ರೆಗೆ ನಮ್ಮ ಚೀಟಿಯ ಹಾಗೇ 1-0-1 ಪದ್ಧತಿ. ಆದರೆ ಅಂಕಿಯ ಮನೆಗಳು ಸಾಮಾನ್ಯವಾಗಿ ನಾಲ್ಕು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಕೊನೆಯದು ಮಲಗುವ ಹೊತ್ತಿನದು. ಒಂದು ಸೊನ್ನೆ ತಿಂದರೆ ರಾತ್ರಿ ಮಾತ್ರೆ ಸಂಜೆಗೆ ಬರುತ್ತದೆ.

ಇವೆಲ್ಲ ಗೊತ್ತಿದ್ದರೆ ಮುಗಿಯುವ ಕೆಲಸ. ಮುಗಿಯದ್ದು ಹಳೆಯ ಕಾಯಿಲೆಗಳ ಪಟ್ಟಿಯ ಒಂದು ಸಾಲು: 'ಝಡ್.ಎನ್. ಎಚ್‌ಡಬ್ಲ್ಯುಐ 2019'. ಝಡ್.ಎನ್. ಎಂದರೆ 'ಹಿಂದೆ ಆಗಿತ್ತು'. ಎಚ್‌ಡಬ್ಲ್ಯುಐ? ಹಾರ್ನ್‌ವೇಗ್ಸ್‌ಇನ್‌ಫೆಕ್ಟ್ ಆದರೆ ಮೂತ್ರದ ಸೋಂಕು. ಹಿಂಟರ್‌ವಾಂಡ್‌ಇನ್‌ಫಾರ್ಕ್ಟ್ ಆದರೆ ಹೃದಯದ ಹಿಂಗೋಡೆಯ ಇನ್‌ಫಾರ್ಕ್ಷನ್, ಹಾರ್ಟ್ ಅಟ್ಯಾಕ್. ಎರಡಕ್ಕೂ ಅದೇ ಮೂರಕ್ಷರ. ಶಾಯಿ ಉಳಿಸಿದ ಪುಣ್ಯಾತ್ಮನಿಗೆ ತಾನು ಬರೆದದ್ದು ಯಾವುದೆಂದು ಗೊತ್ತಿತ್ತು.

ಅಂಥ ಹೊತ್ತಲ್ಲಿ ಡಿಕ್ಷನರಿ ಮುಚ್ಚಿಟ್ಟು ಉಳಿದ ಹಾಳೆಗಳನ್ನು ಕೆದಕಬೇಕು. ಸೋಂಕಾಗಿದ್ದರೆ ಆ್ಯಂಟಿಬಯೋಟಿಕ್ ಹೆಸರೋ ಮೂತ್ರದ ಕಲ್ಚರೋ ಎಲ್ಲಾದರೂ ಇರಬಹುದು. ಅಟ್ಯಾಕ್ ಆಗಿದ್ದರೆ ಸ್ಟೆಂಟ್ ಇರಬಹುದು, ಇಸಿಜಿಯ ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಹಳೆಯ ಅಟ್ಯಾಕಿನ ಗುರುತಾದ ಕ್ಯೂ ಅಲೆ ಇರಬಹುದು, ಎಕೋದಲ್ಲಿ ಗೋಡೆ ಸರಿಯಾಗಿ ಅಲುಗುತ್ತಿಲ್ಲ ಎಂದಿರಬಹುದು. ಇಲ್ಲಿ ಎಕೋ ಚೆನ್ನಾಗಿತ್ತು, ಹೃದಯ ರಕ್ತ ಪಂಪು ಮಾಡುವ ಅಳತೆಯಾದ ಇಎಫ್ 60. ಆದರೆ ಸಣ್ಣ ಅಟ್ಯಾಕ್ ಗುರುತು ಬಿಡದೆಯೂ ಹೋಗಬಹುದು. ಆಸ್ಪಿರಿನ್ 100 ಇತ್ತು. ಪಟ್ಟಿಯಲ್ಲಿ ಪಿಎವಿಕೆ, ಅಂದರೆ ಕಾಲಿನ ರಕ್ತನಾಳ ಕಿರಿದಾಗುವ ಕಾಯಿಲೆಯೂ ಇತ್ತು. ಅದಕ್ಕೂ ಆಸ್ಪಿರಿನ್ ಕೊಡುತ್ತಾರೆ. ತಕ್ಕಡಿ ಮೂತ್ರದ ಕಡೆ ವಾಲಿತು, ಕೂರಲಿಲ್ಲ.

ಹುಡುಗ ಆ ಮಾತು ಹೇಳಿದ್ದು ಆಗಲೇ. ಸೋಮಾರಿ ಅಲ್ಲ ಅವನು, ಕತ್ತಲಾಗುವ ಮೊದಲು ಮನೆ ಸೇರಬೇಕಿತ್ತು. ಆದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಅವರ ಕೈಲಿರುವುದು ಇದೇ ಹಾಳೆ. ಮೂತ್ರದ ಸೋಂಕು, 'ಯುಟಿಐ' ಎಂದು ಬರೆದರೆ ಅವರು ಆ ಸಾಲು ದಾಟಿ ಹೋಗುತ್ತಾರೆ. 'ಎಂಐ' ಎಂದು ಬರೆದರೆ ಆಗದೇ ಇರಬಹುದಾದ ಅಟ್ಯಾಕ್ ಒಂದು ಇನ್ನು ಮುಂದಿನ ಎಲ್ಲ ಫೈಲಿನಲ್ಲೂ ನಕಲಾಗುತ್ತದೆ.

ಅದಕ್ಕೆ ಮೂಲದ ಮೂರಕ್ಷರವನ್ನೇ ಇಟ್ಟು ಚೌಕ ಕಂಸದಲ್ಲಿ ಟಿಪ್ಪಣಿ ಹೋಯಿತು: ಈ ಸಂಕ್ಷೇಪಕ್ಕೆ ಎರಡು ಅರ್ಥ, ಇವು ಇವು, ಪತ್ರದಿಂದ ನಿರ್ಧಾರವಾಗುವುದಿಲ್ಲ, ಬರೆದ ಆಸ್ಪತ್ರೆಯಿಂದ ಖಚಿತಪಡಿಸಿಕೊಳ್ಳಬೇಕು. "ಎರಡೂ ಹಾಕಿದ್ರೆ ಡಾಕ್ಟ್ರು ನಗಲ್ವಾ ಸರ್?" ಅಂದ. ನಗಲಿ.

ಪ್ರಿಂಟ್ ತೆಗೆಯುವಾಗ ಬಾಯಿಬಿಟ್ಟ: "ಅಪ್ಪ ಹೊರಗೆ ಜೀಪಲ್ಲೇ ಕೂತಿದ್ದಾರೆ." ಎರಡು ಗಂಟೆಯಿಂದ! ಕೊಡೆ ಹಿಡಿದು ಹೋಗಿ ಕೇಳಿದ್ದಾಯಿತು: "ಅಂಕಲ್, 2019ರಲ್ಲಿ ಅಲ್ಲಿಗೆ ಹೋದಾಗ ಅಡ್ಮಿಟ್ ಆಗಿದ್ರಲ್ಲ, ಏನು ಮಾಡಿದ್ರು?"

ಅವರು ಗಾಜು ಅರ್ಧ ಇಳಿಸಿದರು. "ಮೂತ್ರಕ್ಕೆ ಪೈಪ್ ಹಾಕಿದ್ರು ಮಾರಾಯ, ಅದೊಂದು ಮರೆಯೋಕಾಗಲ್ಲ."

ಹುಡುಗನ ಮುಖ ಅರಳಿತು. ಆದರೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುನಲ್ಲಿ ಮಲಗಿದವರಿಗೂ ಆ ಪೈಪ್ ಹಾಕುವುದುಂಟು. ಟಿಪ್ಪಣಿ ಹಾಗೇ ಉಳಿಯಿತು. ಜರ್ಮನಿಯ ಮಗಳು ಆ ವಾರ್ಡಿಗೆ ಫೋನ್ ಮಾಡುತ್ತೇನೆ ಎಂದಿದ್ದಾಳೆ.