ಯುದ್ಧ ಗೆದ್ದು ಬಂದು, ಪಾಠದಲ್ಲಿ ಮುಳುಗಿದ ವಿಮಾನ

ನಾನು ಬೀದರಿನವನು. ಏರ್‌ಫೋರ್ಸ್ ಸ್ಟೇಷನ್ನಿನ ಕಿರಣ್ ವಿಮಾನಗಳು ತಲೆ ಮೇಲೆ ಸುತ್ತತೊಡಗಿದರೆ ಅವ್ವ ಅಡುಗೆಮನೆಯಿಂದಲೇ, "ಹುಡುಗರ ಪಾಠ ಸುರು ಆಯ್ತು ನೋಡು" ಅನ್ನುತ್ತಿದ್ದಳು.

ಈಗ ಇರುವುದು ಅಮೆರಿಕದ ಅಲಬಾಮಾದಲ್ಲಿ. ಕಾರಿನಲ್ಲಿ ಸುಮಾರು ಒಂದು ತಾಸು ಹೋದರೆ ಫ್ಲೋರಿಡಾದ ಪೆನ್ಸಕೋಲಾ ಸಿಗುತ್ತದೆ. ಇಲ್ಲಿನ ನೌಕಾಪಡೆ 1914ರಿಂದ ಪೈಲಟ್‌ಗಳನ್ನು ತಯಾರು ಮಾಡುತ್ತಿರುವ ನೆಲೆ ಅದು. ಒಳಗೇ ವಿಮಾನಗಳ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. 2019ರ ಡಿಸೆಂಬರ್‌ನಲ್ಲಿ ತರಬೇತಿಗೆ ಬಂದಿದ್ದ ಸೌದಿ ಅಧಿಕಾರಿಯೊಬ್ಬ ಗುಂಡು ಹಾರಿಸಿ ಮೂವರನ್ನು ಕೊಂದ. ಆಮೇಲೆ ಜನರಿಗೆ ಮುಚ್ಚಿದ ಗೇಟು ಮತ್ತೆ ತೆರೆದದ್ದು 2023ರಲ್ಲಿ.

ಒಳಗೆ ಹೋದರೆ ಆಕಾಶದಲ್ಲಿ ಕಸರತ್ತು ತೋರಿಸುವ ನೌಕಾಪಡೆಯ ಬ್ಲೂ ಏಂಜಲ್ಸ್ ತಂಡದ ನಾಲ್ಕು ನೀಲಿ ಸ್ಕೈಹಾಕ್ ಜೆಟ್‌ಗಳು ಚಾವಣಿಯಿಂದ ತೂಗುತ್ತಿವೆ. ಮಗ ಬಾಯಿ ತೆರೆದು ನಿಂತ. ಅಂಥದ್ದೇ ನಮ್ಮ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಬೀದರಿನಲ್ಲಿ ಅಂತ ನಾನು ಜಂಬ ಕೊಚ್ಚಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ನನ್ನ ಕಾಲು ನಿಂತದ್ದು ಒಂದು ಹಳೇ ಡಾಂಟ್‌ಲೆಸ್ ಬಾಂಬರ್ ಎದುರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ದಿನ ಇದು ಅಲ್ಲೇ ಇತ್ತು, ಉಳಿಯಿತು. 1942ರ ಜೂನ್ 4ರಂದು ಜಪಾನಿನ ವಿರುದ್ಧದ ಮಿಡ್‌ವೇ ದ್ವೀಪದ ಕದನದಿಂದ ಮೈತುಂಬ 219 ತೂತುಗಳೊಂದಿಗೆ ಮರಳಿ, ಒಂದೇ ಚಕ್ರದ ಮೇಲೆ ಇಳಿಯಿತು. ರಿಪೇರಿ ಮಾಡಿ ಹೊಸಬರಿಗೆ ಕಲಿಸಲು ಷಿಕಾಗೋ ಕಡೆ ಕಳಿಸಿದರು.

ಅಲ್ಲಿ ಮಿಚಿಗನ್ ಸರೋವರದಲ್ಲಿ ಎರಡು ಪ್ರಯಾಣಿಕರ ಹಡಗುಗಳ ಮೇಲ್ಭಾಗ ಕಿತ್ತು, ರನ್‌ವೇ ಹಾಸಿದ್ದರು. ಶತ್ರುಗಳ ಸಬ್‌ಮರೀನ್ ಅಷ್ಟು ಒಳಗೆ ಬರಲಾರದು, ಅಲ್ವಾ? ಯುದ್ಧ ಮುಗಿಯುವಷ್ಟರಲ್ಲಿ 17,000ಕ್ಕೂ ಜಾಸ್ತಿ ಪೈಲಟ್‌ಗಳು ಹಡಗಿನ ಮೇಲೆ ಇಳಿಯುವುದನ್ನು ಅಲ್ಲಿ ಕಲಿತರು. ನೂರಕ್ಕೂ ಹೆಚ್ಚು ವಿಮಾನಗಳು ನೀರು ಪಾಲಾದವು. 1943ರ ಜೂನ್‌ನಲ್ಲಿ ಇದೂ ಬಿತ್ತು. ಉಪ್ಪಿಲ್ಲದ ತಣ್ಣನೆ ನೀರಲ್ಲವೇ, ಐವತ್ತು ವರ್ಷ ಪೂರ್ತಿ ತುಕ್ಕು ತಿನ್ನಲಿಲ್ಲ. 1994ರಲ್ಲಿ ಎತ್ತಿದರು.

ಜಪಾನೀಯರ ಗುಂಡಿಗೆ ಬಗ್ಗದ್ದು ಕಲಿಯುವವನ ಕೈಯಲ್ಲಿ ಮುಳುಗಿತು! ರಾತ್ರಿ ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಹುಡುಗನಿಗೆ ಏನೂ ಆಗಲಿಲ್ಲಲ್ಲ?"

"ಇಲ್ಲವ್ವ, ಉಳಿದ."

"ಮತ್ತೇನು, ವಿಮಾನ ಹೋದರೆ ಹೋಗಲಿ ಬಿಡು. ನೀ ಊಟ ಮಾಡಿದೇನು?"