ಹೋದವರ ಊಟ

“ಇದು ನಮ್ಮ ಊಟ ಅಲ್ಲ, ಗರ್ಲ್. ಇದು ಹೋದವರ ಊಟ.”

ಮಂಗಳವಾರ ಸಂಜೆ ಪಕ್ಕದ ಮನೆ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ ಮಾತು ಇದು. ಇವತ್ತು ಶುಕ್ರವಾರ. ಇನ್ನೂ ತಲೆಯಿಂದ ಇಳಿದಿಲ್ಲ. ವಾರ್ಡಿನಲ್ಲಿ ಡ್ರಿಪ್ ಬದಲಾಯಿಸುವಾಗಲೂ ಅದೇ, ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅದೇ.

ಇಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಯಾವ ವಯಸ್ಸಿನ ಹೆಂಗಸನ್ನಾದರೂ ‘ಗರ್ಲ್’ ಅಂತಲೇ ಕರೆಯುತ್ತಾರೆ. ನಮ್ಮ ಮಂಡ್ಯದ ಕಡೆ ಮಾತಿಗೊಂದು ಸಲ ‘ಕಣವ್ವ’ ಅಂದ ಹಾಗೆ. ಮೊದಮೊದಲು ವಿಚಿತ್ರ ಅನ್ನಿಸುತ್ತಿತ್ತು. ಈಗ ಯಾರಾದರೂ ಹಾಗೆ ಅನ್ನದಿದ್ದರೆ ನನ್ನ ಮೇಲೆ ಏನೋ ಬೇಜಾರಿರಬೇಕು ಅನ್ನಿಸುತ್ತದೆ.

ಮಾರ್ಚ್ 17 ಸೇಂಟ್ ಪ್ಯಾಟ್ರಿಕ್ ಹಬ್ಬ. ಐರ್ಲೆಂಡಿಗೆಲ್ಲ ರಜೆ. ಈ ಊರಿಗೆ ನರ್ಸ್ ಕೆಲಸಕ್ಕೆ ಬಂದು ಆರು ವರ್ಷವಾಯಿತು, ಒಂದು ಸಲವಾದರೂ ಇವರ ಹಬ್ಬಕ್ಕೆ ಇವರ ಅಡುಗೆಯನ್ನೇ ಮಾಡಬೇಕು ಅಂತ ಆಸೆ ಇತ್ತು. ಮೊಬೈಲ್‌ನಲ್ಲಿ ಹುಡುಕಿದರೆ ಎಲ್ಲ ವಿಡಿಯೋದಲ್ಲೂ ಒಂದೇ ಅಡುಗೆ. ಕಾರ್ನ್ಡ್ ಬೀಫ್, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್. ಬೆಳಿಗ್ಗೆ ಸ್ಲೋ ಕುಕ್ಕರಿಗೆ ಹಾಕಿ ಮಲಗಿದರೆ ಸಂಜೆಗೆ ಹಬ್ಬದೂಟ. ನೈಟ್ ಡ್ಯೂಟಿ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ಹೇಳಿಕೊಡುತ್ತಿದ್ದವರೆಲ್ಲ ಅಮೆರಿಕದವರು. ಅದು ನನಗೆ ಆಗ ಹೊಳೆಯಲಿಲ್ಲ.

ಶನಿವಾರ ಇಂಗ್ಲಿಷ್ ಮಾರ್ಕೆಟ್‌ಗೆ ಹೋದೆ. 1788ರಿಂದ ನಡೆಯುತ್ತಿರುವ ಮಾರುಕಟ್ಟೆ ಅದು. ಉಪ್ಪುನೀರಿನಲ್ಲಿ ನೆನೆಸಿಟ್ಟಿದ್ದ ಎದೆಭಾಗದ ಮಾಂಸ, ಒಂದೂವರೆ ಕೆಜಿ ತೂಗಿಸಿಕೊಂಡೆ. ಅಂಗಡಿಯವರು, “ಅಮೆರಿಕದಿಂದ ನೆಂಟರು ಬಂದಿದ್ದಾರಾ?” ಅಂತ ಕೇಳಿದರು. ಇಲ್ಲ, ನಮ್ಮನೆಗೇ ಅಂದೆ. ಅವರು ನಕ್ಕು ಸುಮ್ಮನಾದರು. ಬಹಳ ಒಳ್ಳೆಯ ಮನುಷ್ಯ. ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಆ ನೀರು ಚೆಲ್ಲಬೇಕು, ಇಲ್ಲದಿದ್ದರೆ ಉಪ್ಪು ಬಾಯಿಗಿಡೋಕೆ ಆಗಲ್ಲ ಅಂತ ಎರಡು ಸಲ ಹೇಳಿ ಕಳಿಸಿದರು. ‘ಕಾರ್ನ್’ ಅಂದರೆ ಜೋಳ ಅಲ್ಲ, ಕಾಳು ಅಂತ ಅವರಿಂದಲೇ ಗೊತ್ತಾಯಿತು. ಕಾಳಿನಷ್ಟು ದಪ್ಪ ಹರಳುಪ್ಪು ಹಾಕಿ ಮಾಂಸ ಕೆಡದ ಹಾಗೆ ಇಡುತ್ತಿದ್ದರಂತೆ, ಅದಕ್ಕೆ ಆ ಹೆಸರು.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಡ್ಯೂಟಿ ಮುಗಿಸಿ ಬಂದವಳೇ ಅಡುಗೆಮನೆಗೆ ಹೋದೆ. ತಳಕ್ಕೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ. ಸ್ಲೋ ಕುಕ್ಕರಿನಲ್ಲಿ ಗೆಡ್ಡೆಗಳೇ ಮಾಂಸಕ್ಕಿಂತ ನಿಧಾನ ಬೇಯುತ್ತವೆ, ಹಾಗಾಗಿ ಅವು ಕೆಳಗೆ ಇರಬೇಕು. ಮೇಲೆ ಮಾಂಸ, ಕೊಬ್ಬಿನ ಕಡೆ ಮೇಲಕ್ಕೆ. ಮೆಣಸು, ಸಾಸಿವೆ, ಎರಡು ಲವಂಗ, ಪಲಾವ್ ಎಲೆ. ಮುಳುಗುವಷ್ಟು ನೀರು. ಉಪ್ಪು ಒಂದು ಚಿಟಿಕೆಯೂ ಇಲ್ಲ. ಸಣ್ಣ ಉರಿ ಅಂತ ಗುಂಡಿ ತಿರುಗಿಸಿ, ನಮ್ಮ ಯಜಮಾನರಿಗೆ ಒಂದೇ ಮಾತು ಹೇಳಿದೆ. ಮುಚ್ಚಳ ಮಾತ್ರ ತೆಗೆಯಬೇಡಿ. ಒಂದು ಸಲ ತೆಗೆದರೆ ಹೋದ ಕಾವು ವಾಪಸ್ ಬರೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಇವರು ಬಹಳ ಒಳ್ಳೆಯವರು, ಆದರೆ ತಾಳ್ಮೆ ಕಮ್ಮಿ. ವಿಷಲ್ ಕೂಗದಿದ್ದರೆ ಒಳಗೆ ಏನೋ ಬೇಯುತ್ತಿದೆ ಅಂತ ಅವರಿಗೆ ನಂಬಿಕೆಯೇ ಬರಲ್ಲ. ಅದಕ್ಕೇ ಮಗಳನ್ನು ಕರೆದುಕೊಂಡು ಮೆರವಣಿಗೆ ನೋಡಿ ಬನ್ನಿ ಅಂತ ಕಳಿಸಿಬಿಟ್ಟೆ.

ಆಮೇಲೆ ಮನೆಯ ಕಿಟಕಿಗಳನ್ನೆಲ್ಲ ಹಾಕಿದೆ.

ಇದನ್ನು ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಒಂದು ಭಾನುವಾರ ದನದ ಬಾಡು ಬೇಯಿಸಿದ್ದೆ. ಮಸಾಲೆ ಕುದಿಯುವ ಹೊತ್ತಿಗೆ ಓನರ್ ಬಂದು ಬಾಗಿಲು ಬಡಿದರು. “ನೀವು ಮೊದಲೇ ಹೇಳಬೇಕಿತ್ತು” ಅಂದರು. ಅಷ್ಟೇ ಮಾತು. ಬೈಯಲಿಲ್ಲ, ಕೂಗಾಡಲಿಲ್ಲ. ತಿಂಗಳೊಳಗೆ ಮನೆ ಖಾಲಿ ಮಾಡಿದೆವು. ಏನು ಹೇಳಬೇಕಿತ್ತು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆವತ್ತಿನಿಂದ ಬಾಡು ಒಲೆ ಮೇಲಿದ್ದರೆ ನನ್ನ ಕೈ ತಾನಾಗೇ ಕಿಟಕಿಗೆ ಹೋಗುತ್ತದೆ. ಬೀದಿಗೊಂದು ಮಾಂಸದಂಗಡಿ ಇರುವ ಈ ಊರಿನಲ್ಲೂ.

ಮಧ್ಯಾಹ್ನ ನಾಲ್ಕಕ್ಕೆ ವಾಸನೆಗೇ ಎಚ್ಚರವಾಯಿತು. ನಮ್ಮ ಮಸಾಲೆಯ ಘಾಟು ಅಲ್ಲ ಅದು. ಉಪ್ಪು, ಮೆಣಸು, ಕೊಬ್ಬು ಮೂರೂ ಸೇರಿದ ಮೆತ್ತನೆಯ ವಾಸನೆ. ಎಲೆಕೋಸು ಹೆಚ್ಚಿ ಹಾಕಿದೆ. ಅದು ಕೊನೆಯ ಒಂದೆರಡು ಗಂಟೆಗೆ ಮಾತ್ರ. ಮುಚ್ಚಳ ಮುಚ್ಚುತ್ತಿದ್ದ ಹಾಗೆ ಬಾಗಿಲು ಬಡಿದ ಸದ್ದು. ಇವರ ಹತ್ತಿರ ಬೀಗದಕೈ ಇದೆ, ಅವರು ಬಡಿಯಲ್ಲ. ಎದೆ ಧಸಕ್ಕೆಂದಿತು.

ಪಕ್ಕದ ಮನೆ ಅಜ್ಜಿ. ಎಪ್ಪತ್ತೊಂಬತ್ತು ವರ್ಷ. ಕೈಯಲ್ಲಿ ಬಟ್ಟೆ ಸುತ್ತಿದ ಅರ್ಧ ಸೋಡಾ ಬ್ರೆಡ್. “ಏನು ಬೇಯಿಸ್ತಿದ್ದೀಯಾ? ವಾಸನೆ ನನ್ನ ಅಡುಗೆಮನೆವರೆಗೂ ಬಂದಿದೆ.”

“ಸಾರಿ” ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. “ಸಾರಿ ಯಾಕೆ? ತಿನ್ನೋಕೆ ಬಂದೆ.”

ಆರಕ್ಕೆ ತಟ್ಟೆ ಹಾಕಿದೆ. ಮಾಂಸ ಹೊರಗೆ ತೆಗೆದಾಗ ಒಳಗೆಲ್ಲ ಗುಲಾಬಿ ಬಣ್ಣ. ಬೆಂದೇ ಇಲ್ಲ ಅಂದುಕೊಂಡು ಗಾಬರಿಯಾಯಿತು. ಉಪ್ಪುನೀರಿಗೆ ಹಾಕುವ ನೈಟ್ರೈಟ್‌ನಿಂದ ಆ ಬಣ್ಣ ಹಾಗೇ ಉಳಿಯುತ್ತದಂತೆ. ನಾರಿಗೆ ಅಡ್ಡಲಾಗಿ ಕೊಯ್ಯಬೇಕು ಅಂತ ಅಜ್ಜಿಯೇ ಚಾಕು ತೆಗೆದುಕೊಂಡು ಕೊಯ್ದರು. ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಎದೆಭಾಗ ಎಷ್ಟು ಗಟ್ಟಿ ಮಾಂಸ ಅಂತ ನಮ್ಮವ್ವನನ್ನು ಕೇಳಿ. ಒಂಬತ್ತು ಗಂಟೆ ಸಣ್ಣ ಕಾವಿನಲ್ಲಿ ಕೂತು ಅದರ ನಾರೆಲ್ಲ ಕರಗಿ ಅಂಟಾಗಿತ್ತು.

ಅಜ್ಜಿ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಫೋರ್ಕು ಕೆಳಗಿಟ್ಟರು. “ಚೆನ್ನಾಗಿದೆ” ಅಂದರು. ಮಗಳು ಖುಷಿಯಿಂದ, “ಐರಿಷ್ ಡಿನ್ನರ್!” ಅಂದಳು. ಆಗ ಹೇಳಿದರು, ಇದು ನಮ್ಮ ಊಟ ಅಲ್ಲ, ಹೋದವರ ಊಟ ಅಂತ.

ಕೋಪದಿಂದ ಅಲ್ಲ. ಮಗುವಿಗೆ ದಾರಿ ತೋರಿಸಿದ ಹಾಗೆ ಹೇಳಿದರು.

ಅವರು ಕಾರ್ಕ್ ಜಿಲ್ಲೆಯ ಪಶ್ಚಿಮದ ಕಡೆಯ ಹಳ್ಳಿಯವರು. ಪಟ್ಟಣದಲ್ಲಿ ಕೆಲವರು ಉಪ್ಪು ಹಾಕಿದ ಬೀಫ್ ತಿನ್ನುತ್ತಿದ್ದರಂತೆ, ಈಗಲೂ ತಿನ್ನುತ್ತಾರೆ. ಅಜ್ಜಿಯ ಮನೆಯಲ್ಲಿ ಹಬ್ಬಕ್ಕೂ ಹಂದಿಮಾಂಸವೇ, ಬೇಕನ್ ಮತ್ತು ಎಲೆಕೋಸು. ಹಸು ಇದ್ದದ್ದು ಹಾಲಿಗೆ, ಬೆಣ್ಣೆಗೆ. 1958ರಲ್ಲಿ ಅವರ ಅಣ್ಣ ಹತ್ತೊಂಬತ್ತನೇ ವಯಸ್ಸಿಗೆ ಕೋವ್ ಬಂದರಿನಲ್ಲಿ ಹಡಗು ಹತ್ತಿ ಬೋಸ್ಟನ್‌ಗೆ ಹೋದರು. ಅಜ್ಜಿಗೆ ಆಗ ಹನ್ನೊಂದು. ಆಮೇಲೆ ಅಣ್ಣನನ್ನು ನೋಡಿದ್ದು ಒಂದೇ ಸಲ, ತಾನೇ ಬೋಸ್ಟನ್‌ಗೆ ಹೋದಾಗ. ಅದೂ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ. ಅಣ್ಣ ಕೈಯಾರೆ ಕಾರ್ನ್ಡ್ ಬೀಫ್ ಮಾಡಿ ಬಡಿಸಿ, “ಅಮ್ಮ ಮಾಡಿದ ಹಾಗೇ ಇದೆ ಅಲ್ವಾ?” ಅಂತ ಕೇಳಿದರಂತೆ.

“ಅಮ್ಮ ಒಂದು ದಿನವೂ ಅದನ್ನ ಮಾಡಿರಲಿಲ್ಲ” ಅಂದರು ಅಜ್ಜಿ.

“ಮತ್ತೆ ನೀವೇನಂದ್ರಿ?”

“ಹೌದು ಅಂದೆ. ಹಾಗೇ ಇದೆ ಅಂದೆ.”

ಇವರೂ ಸುಮ್ಮನಾದರು, ನಾನೂ ಸುಮ್ಮನಾದೆ. ಅಜ್ಜಿ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದರು. ರಸವನ್ನು ಸೋಡಾ ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿಂದರು.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಈ ಮಾಂಸದ ಕತೆಯನ್ನೇ ಓದಿದೆ. 1663 ಮತ್ತು 1667ರಲ್ಲಿ ಇಂಗ್ಲೆಂಡ್ ಕಾಯ್ದೆ ಮಾಡಿ ಐರ್ಲೆಂಡಿನ ದನಗಳು ತನ್ನ ಕಡೆ ಬರದ ಹಾಗೆ ತಡೆಯಿತು. ಜೀವಂತ ದನ ಮಾರುವ ಹಾಗಿಲ್ಲ ಅಂದಾಗ ಇಲ್ಲೇ ಕಡಿದು, ಉಪ್ಪು ಹಾಕಿ, ಪೀಪಾಯಿಯಲ್ಲಿ ತುಂಬಿ ಕಳಿಸುವುದು ಜಾಸ್ತಿಯಾಯಿತು. ಅದಕ್ಕೆ ದೊಡ್ಡ ಊರೇ ಈ ಕಾರ್ಕ್. ಹಡಗಿನ ನಾವಿಕರಿಗೆ ಹೋಯಿತು, ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋಯಿತು. ದನ ಸಾಕಿದ ಬಡವರು ಆಲೂಗಡ್ಡೆ ತಿಂದರು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಮುಂದಿನ ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೆ ಕಮ್ಮಿಯಿಲ್ಲದಷ್ಟು ಜನ ಊರು ಬಿಟ್ಟರು. ಆ ವರ್ಷಗಳಲ್ಲೂ ಬಂದರಿನಿಂದ ಧಾನ್ಯ, ಬೆಣ್ಣೆ, ದನ ಹೊರಗೆ ಹೋಗುತ್ತಲೇ ಇದ್ದವು. ಇದನ್ನು ಓದುವಾಗ ಮೈ ಉರಿಯಿತು.

ಹೋದವರಿಗೆ ನ್ಯೂಯಾರ್ಕಿನಲ್ಲಿ ಊರಿನ ಥರದ ಬೇಕನ್ ಸಿಗಲಿಲ್ಲ, ಸಿಕ್ಕರೆ ದುಬಾರಿ. ಅಕ್ಕಪಕ್ಕದಲ್ಲೇ ಇದ್ದ ಯಹೂದಿ ಕಟುಕರ ಅಂಗಡಿಯಲ್ಲಿ ಉಪ್ಪು ಹಾಕಿದ ಎದೆಭಾಗ ಸಿಕ್ಕಿತು. ಎಲೆಕೋಸಿನ ಜೊತೆ ಅದನ್ನೇ ಬೇಯಿಸಿದರು. ಅದೇ ಹಬ್ಬದೂಟ ಆಯಿತು. ನನ್ನ ಸ್ಲೋ ಕುಕ್ಕರ್ ಕೂಡ ಹಾಗೇ ಬಂದದ್ದು. ಅರ್ವಿಂಗ್ ನ್ಯಾಕ್ಸನ್ ಅನ್ನುವವರಿಗೆ 1940ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ವಿಲ್ನಾ ಊರಿನ ಯಹೂದಿಗಳು ಶುಕ್ರವಾರ ಸಂಜೆ ಕಾಳು, ಮಾಂಸದ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ಇಟ್ಟು ಬಂದು ಮಾರನೇ ದಿನ ಉಣ್ಣುತ್ತಿದ್ದರು. ಅದನ್ನು ಅವರಮ್ಮ ಹೇಳುತ್ತಿದ್ದರಂತೆ. ಆ ಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಪಾತ್ರೆ ಮಾಡಿದ್ದು. ಅವರದ್ದೂ ಊರು ಬಿಟ್ಟವರ ಮನೆ. ಆ ಮಾಂಸ, ಈ ಪಾತ್ರೆ, ಎರಡೂ ಹೀಗೆ ದಾಟಿ ಬಂದವು.

ಆದರೆ ನಿದ್ದೆ ಕೆಡಿಸಿದ್ದು ಇದಲ್ಲ. ಅಜ್ಜಿ ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಕನ್ನಡದಲ್ಲಿ. ಹೋದವರು ಅಂದರೆ ನಮ್ಮಲ್ಲಿ ಊರು ಬಿಟ್ಟವರು ಮಾತ್ರ ಅಲ್ಲವಲ್ಲ. ಪಿತೃಪಕ್ಷದಲ್ಲಿ ಅವ್ವ ಎಡೆ ಇಡುತ್ತಾಳೆ. ತಾತನಿಗೆ ಇಷ್ಟ ಅಂತ ಬಾಡು, ಮುದ್ದೆ, ಒಂದು ಕಟ್ಟು ಬೀಡಿ. ನಮ್ಮ ಮನೆಯಲ್ಲಿ ಹೋದವರ ಊಟ ಅಂದರೆ ಅದು. ಅಜ್ಜಿಯ ಅಜ್ಜಿಯ ಕಾಲದಲ್ಲಿ ಇಲ್ಲಿ ಯಾರಾದರೂ ಅಮೆರಿಕಕ್ಕೆ ಹೊರಟರೆ ಹಿಂದಿನ ರಾತ್ರಿ ಊರೆಲ್ಲ ಸೇರಿ ಹೆಣ ಕಾಯುವ ಹಾಗೆ ಅವರ ಜೊತೆ ಎಚ್ಚರ ಇರುತ್ತಿದ್ದರಂತೆ. ‘ಅಮೆರಿಕನ್ ವೇಕ್’ ಅಂತ ಅದಕ್ಕೆ ಹೆಸರು. ಬದುಕಿರುವಾಗಲೇ ತೀರಿಹೋದವರ ಲೆಕ್ಕ.

ನಾನು ಹೊರಟ ದಿನ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ “ಹೋಗ್ತೀನಿ ಕಣವ್ವ” ಅಂದುಬಿಟ್ಟಿದ್ದೆ. ಅವ್ವ ನನ್ನ ಕೈ ಗಟ್ಟಿ ಹಿಡಿದು, “ಹೋಗ್ ಬತ್ತೀನಿ ಅನ್ನು” ಅಂದಳು. ನಾನು ಹಾಗೆ ಅನ್ನುವ ತನಕ ಕೈ ಬಿಡಲಿಲ್ಲ.

ಅಜ್ಜಿಯ ಅಣ್ಣ ಸುಳ್ಳು ಹೇಳಿದವರಲ್ಲ. ಅವರ ನಾಲಿಗೆಗೆ ಅದೇ ಅಮ್ಮನ ಅಡುಗೆ ಆಗಿಹೋಗಿತ್ತು. ನನಗೆ ಹೆದರಿಕೆಯಾದದ್ದು ಅಲ್ಲಿ. ಕಳೆದ ವರ್ಷ ಮಗಳಿಗೆ ಇದೇ ಸ್ಲೋ ಕುಕ್ಕರಿನಲ್ಲಿ ಸಾರು ಮಾಡಿ, ಡಬ್ಬಿಯ ಟೊಮೆಟೊ ಹಾಕಿ, “ಇದು ನಿನ್ನ ಅಜ್ಜಿ ಮಾಡೋ ಸಾರು” ಅಂತ ಬಡಿಸಿದ್ದೆ. ಅವ್ವ ಬಾಡಿನ ಸಾರಿಗೆ ಟೊಮೆಟೊ ಮುಟ್ಟಿಸುವುದೇ ಇಲ್ಲ. ಮಗಳು ಇನ್ನು ಇಪ್ಪತ್ತು ವರ್ಷವಾದ ಮೇಲೆ ಯಾರಿಗೆ, ಏನನ್ನು, ಅಜ್ಜಿಯ ಸಾರು ಅಂತ ಬಡಿಸುತ್ತಾಳೋ. ಆಗ ಗೊತ್ತಿರುವವರು ಯಾರಾದರೂ ಎದುರಿಗೆ ಕೂತಿದ್ದರೆ ಹೌದು ಅನ್ನಲಿ ಅಂತ ಆಸೆ. ಅಲ್ಲ ಅನ್ನಲಿ ಅಂತಲೂ ಆಸೆ.

ಬುಧವಾರ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಉಪ್ಪಿನ ಮಾಂಸ ಅಂದ ತಕ್ಷಣ ಗೊತ್ತಾಯಿತು. ನಾವು ಚಿಕ್ಕವರಿದ್ದಾಗ ಕೇರಿಯಲ್ಲಿ ಜಾಸ್ತಿ ಬಾಡು ಬಂದ ದಿನ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ನೇತುಹಾಕಿ ಒಣಗಿಸುತ್ತಿದ್ದಳು. ಕೊರಬಾಡು. ಕಾಗೆ ಕಾಯುವ ಕೆಲಸ ನನ್ನದು. ಮಳೆಗಾಲದಲ್ಲಿ ಎರಡು ತುಂಡು ಕೆಂಡದ ಮೇಲೆ ಸುಟ್ಟು ಕುಟ್ಟಿದರೆ ಒಂದು ಮುದ್ದೆ ಇಳಿಯುತ್ತಿತ್ತು. 2021ರಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಅವಳ ಹಗ್ಗ ಖಾಲಿ. ಬಟ್ಟೆ ಒಣಗಿಸುತ್ತಾಳೆ.

“ಬಿಸ್ಲೇ ಇಲ್ದಿರೋ ಊರಲ್ಲಿ ಎಂಗ್ ಒಣಗುಸ್ತಾರವ್ವ?”

“ಒಣಗಿಸಲ್ಲ ಕಣವ್ವ. ಉಪ್ಪುನೀರಲ್ಲಿ ಇಡ್ತಾರೆ.”

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. “ಅಂಗಾರೆ ಅವ್ರೂ ನಮ್ಮಂಗೇ ಬುಡು. ಬಿಸ್ಲಿಲ್ಲ ಅಷ್ಟೆ” ಅಂದಳು.

ಕೊರಬಾಡು ಕಳಿಸಲಾ ಅಂತ ಅವಳು ಕೇಳುವುದೇ ಇಲ್ಲ ಈಗ. ಇಂಡಿಯಾದಿಂದ ಮಾಂಸ ಇಲ್ಲಿಗೆ ತರುವ ಹಾಗಿಲ್ಲ ಅಂತ ಅವಳಿಗೆ ಗೊತ್ತು. ಅಲ್ಲಿ ಸಿಗುವುದೂ ಇಲ್ಲ.

ನಿನ್ನೆ ಸಂಜೆ ತೊಳೆದ ಡಬ್ಬಿ ವಾಪಸ್ ಕೊಡಲು ಅಜ್ಜಿ ಬಂದಿದ್ದರು. ಬಾಗಿಲಲ್ಲೇ ನಿಂತು, “ನಿಮ್ಮಮ್ಮನ ಊಟ ಯಾವತ್ತು ಮಾಡ್ತೀಯಾ?” ಅಂತ ಕೇಳಿದರು. ಭಾನುವಾರ ಬನ್ನಿ ಅಂದೆ. ಎಷ್ಟು ಗಂಟೆಗೆ ಅಂತ ಅವರು ಕೇಳಲಿಲ್ಲ. “ವಾಸನೆ ಬಂದ ಮೇಲೆ ಬರ್ತೀನಿ” ಅಂದು ಹೋದರು.

ಇವತ್ತು ಬರುವಾಗ ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು ತಂದೆ. ಅವ್ವನಿಗೆ ಮತ್ತೆ ಫೋನ್ ಮಾಡಿ ಸಾರಿಗೆ ಏನೇನು, ಎಷ್ಟೆಷ್ಟು ಅಂತ ಮೊದಲಿನಿಂದ ಕೇಳಿ ಬರೆದುಕೊಂಡೆ. ಧನಿಯ ಎಷ್ಟು ಹುರಿಯಬೇಕು, ಕಾಯಿ ಯಾವಾಗ ಅರೆಯಬೇಕು, ಹುಣಸೆಹಣ್ಣು ಹಾಕಬೇಕೋ ಬೇಡವೋ. ಸ್ಲೋ ಕುಕ್ಕರ್ ಅಂದೆ. ಬೇಡ, ಬಾಡು ಬೇಕಾದರೆ ಅದರಲ್ಲಿ ಬೇಯಿಸಿಕೋ, ಮಸಾಲೆ ಮಾತ್ರ ಒಲೆ ಮೇಲೇ ಕುದಿಬೇಕು ಅಂದಳು. ಮಗಳು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಫೋನ್ ಇಡುವ ಮುಂಚೆ ಅವ್ವ ಅಂದಳು, “ಆ ಅಜ್ಜಿಗೆ ಒಸಿ ಖಾರ ಕಮ್ಮಿ ಹಾಕವ್ವ. ವಯಸ್ಸಾದೋರು.”