ನೂರಕ್ಕೆ 7 ಕಮ್ಮಿ ಬಂದ ಕಲ್ಲಿನ ಊರು

ಇಟಲಿಯ ಎಲ್ಬಾ ದ್ವೀಪ ಅಂದ ತಕ್ಷಣ ಎಲ್ರೂ ಕೇಳೋದು ನೆಪೋಲಿಯನ್ ಮನೆ ನೋಡಿದ್ಯಾ ಅಂತ. ಇಲ್ಲ, ನೋಡ್ಲಿಲ್ಲ. 1814ರಲ್ಲಿ ಗಡಿಪಾರಾಗಿ ಬಂದವನು ವರ್ಷ ತುಂಬೋ ಮುಂಚೆ ಓಡಿಹೋದ, ಅವನಿಗೇ ಬೇಡವಾದ ಮನೆ ನನಗ್ಯಾಕೆ! ಪಿಯೊಂಬಿನೊದಲ್ಲಿ ಫೆರಿ ಹತ್ತಿ ಪೋರ್ತೊಫೆರಾಯೊದಲ್ಲಿ ಇಳ್ದು ನಾನು ಸೀದಾ ಹೋಗಿದ್ದು ಸಾನ್ ಪಿಯೆರೊ ಇನ್ ಕಾಂಪೊಗೆ, ಮೊಂತೆ ಕಪಾನ್ನೆ ಬೆಟ್ಟದ ಮೈಗೆ ಅಂಟ್ಕೊಂಡಿರೋ ಪುಟ್ಟ ಊರು, ಎಲ್ಲಿ ನೋಡಿದ್ರೂ ಗ್ರಾನೈಟು.

ಈ ಬೆಟ್ಟದ ಗ್ರಾನೈಟಿಗೆ ಸುಮಾರು 70 ಲಕ್ಷ ವರ್ಷ, ಕಲ್ಲಿನ ಲೆಕ್ಕದಲ್ಲಿ ಇನ್ನೂ ಹಸುಗೂಸು. ಆ ಶಿಲಾರಸ ಗಟ್ಟಿಯಾಗ್ತಾ ಬಂದಾಗ ಯಾವ ಹರಳಿಗೂ ಸೇರದೆ ಉಳಿದ ಲಿಥಿಯಂ, ಬೋರಾನ್, ಸೀಸಿಯಂ ಎಲ್ಲ ಕೊನೇ ರಸದ ಜೊತೆ ಬಿರುಕುಗಳಿಗೆ ನುಗ್ಗಿ ಅಲ್ಲಲ್ಲೇ ಹರಳು ಕಟ್ಕೊಂಡ್ವು, ಅದಕ್ಕೇ ಪೆಗ್ಮಟೈಟ್ ಅನ್ನೋದು. ಇಲ್ಲಿನ ಗುಲಾಬಿ ಟೂರ್ಮಲಿನ್ ಅನ್ನೋ ಹರಳು ಎಷ್ಟು ಫೇಮಸ್ ಅಂದ್ರೆ 1913ರಲ್ಲಿ ರಷ್ಯಾದ ಖನಿಜ ವಿಜ್ಞಾನಿ ವೆರ್ನಾಡ್ಸ್ಕಿ ಆ ಜಾತಿಗೆ ಎಲ್ಬಾಯಿಟ್ ಅಂತಲೇ ಹೆಸರಿಟ್ರು. ಕೆಲವಕ್ಕೆ ತುದೀಲಿ ಕಪ್ಪು ಟೋಪಿ ಬೇರೆ.

ಆದ್ರೆ ನನ್ನ ಫೇವರಿಟ್ ಪೊಲ್ಯುಸೈಟ್ ಅನ್ನೋ ಖನಿಜ. 1846ರಲ್ಲಿ ಜರ್ಮನ್ ಖನಿಜ ವಿಜ್ಞಾನಿ ಬ್ರೈಟ್‌ಹಾಪ್ಟ್ ಎಲ್ಬಾದ ಎರಡು ಖನಿಜಗಳಿಗೆ ಗ್ರೀಕ್ ಪುರಾಣದ ಅವಳಿಗಳ ಹೆಸರು ಕೊಟ್ಟ, ಕ್ಯಾಸ್ಟರ್, ಪೊಲಕ್ಸ್ ಅಂತ. ಕ್ಯಾಸ್ಟರ್ ಆಮೇಲೆ ಮೊದಲೇ ಗೊತ್ತಿದ್ದ ಪೆಟಲೈಟ್ ಖನಿಜಾನೇ ಅಂತ ಗೊತ್ತಾಯ್ತು, ಪಾಪ. ಪೊಲಕ್ಸೇ ಈಗಿನ ಪೊಲ್ಯುಸೈಟ್. ಪೊಲಕ್ಸನ್ನ ರಸಾಯನ ವಿಜ್ಞಾನಿ ಪ್ಲಾಟ್ನರ್ ಕರಗಿಸಿ ಎಲ್ಲ ಅಂಶಗಳ ಶೇಕಡಾ ಪ್ರಮಾಣ ಕೂಡಿದ್ರೆ ನೂರಕ್ಕೆ ಸುಮಾರು 7 ಕಮ್ಮಿ, ಇನ್ನೊಂದ್ಸಲ ನೋಡೋಣ ಅಂದ್ರೆ ಸ್ಯಾಂಪಲ್ಲೇ ಖಾಲಿ. ಯಾಕಂದ್ರೆ ಒಳಗಿದ್ದ ಧಾತು ಆಗಿನ್ನೂ ಯಾರಿಗೂ ಗೊತ್ತೇ ಇರ್ಲಿಲ್ಲ! ಬುನ್ಸೆನ್, ಕಿರ್ಖಾಫ್ ಸೀಸಿಯಂ ಕಂಡುಹಿಡಿದಿದ್ದು 1860ರಲ್ಲಿ, ಅದೂ ಬುಗ್ಗೆ ನೀರಲ್ಲಿ. 1864ರಲ್ಲಿ ಪಿಸಾನಿ ಅನ್ನೋ ರಸಾಯನ ವಿಜ್ಞಾನಿ ಅದೇ ಕಲ್ಲನ್ನ ಮತ್ತೆ ಪರೀಕ್ಷೆ ಮಾಡಿದಾಗ ಪ್ಲಾಟ್ನರ್ ಪೊಟ್ಯಾಸಿಯಂ, ಸೋಡಿಯಂ ಅಂದ್ಕೊಂಡಿದ್ದು ಬಹುಪಾಲು ಸೀಸಿಯಂ ಅಂತ ಗೊತ್ತಾಯ್ತು, ಸೀಸಿಯಂ ಪರಮಾಣು ತುಂಬಾ ಭಾರ, ಅದನ್ನ ಹಗುರ ಧಾತುಗಳ ಲೆಕ್ಕಕ್ಕೆ ಹಾಕಿದ್ದಕ್ಕೆ ಮೊತ್ತ ಕಮ್ಮಿ ಬಂದಿತ್ತು. ಅಂದ್ರೆ ಅವನು ತೂಗಿದ್ದು ಸರಿಯಾಗೇ ಇತ್ತು. ಸುಳ್ಳು ಹೇಳಿ 100 ಮಾಡದೆ ಬಂದಷ್ಟನ್ನೇ ಬರೆದಿಟ್ಟ ನೋಡಿ, ಅದಕ್ಕೆ ಆ ಮನುಷ್ಯ ನಂಗೆ ಭಾರಿ ಇಷ್ಟ. 1967ರಿಂದ ನಮ್ಮ ಒಂದು ಸೆಕೆಂಡಿನ ಅಳತೆಯೂ ಇದೇ ಸೀಸಿಯಂದು, 9,192,631,770 ಕಂಪನ.

ಊರಲ್ಲಿ ಪುಟ್ಟ ಖನಿಜ ಮ್ಯೂಸಿಯಂ ಇದೆ, ಹೋದ್ರೆ ಗುಲಾಬಿ ಹರಳು ನೋಡಿ ಮೈಮರೀಬೇಡಿ, ಪೊಲ್ಯುಸೈಟ್ ನೋಡೋಕೆ ಒಡೆದ ಗಾಜಿನ ಚೂರಿನ ಥರ ಇರುತ್ತೆ, ನಾನಂತೂ ಎರಡು ಸಲ ಅದರ ಮುಂದೇನೇ ದಾಟಿ ಹೋಗಿದ್ದೆ.